ಜುಬೇದಾಳ ಕಾಲ ಮಣ್ಣು

ಉಣ್ಣುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಬಹಳ ಒಳ್ಳೆಯವಳು ಅಂದುಕೊಂಡು ಓದಿ ಮೋಸಹೋಗಬೇಡಿ. ಬಸವಕಲ್ಯಾಣದಲ್ಲಿ ನನ್ನ ಗಂಡನದು ಹಿಟ್ಟಿನ ಗಿರಣಿ, ಅದಕ್ಕೆ ಹತ್ತಿದ ಕೋಣೆಯಲ್ಲಿ ನನ್ನದು ರೊಟ್ಟಿ ಬಡಿಯುವ ಕೆಲಸ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಊರಿಗೆಲ್ಲ ಕೊಡುವವಳು ನಾನು, ಒಂದು ರೊಟ್ಟಿ ತಿಂದರೆ ಮೂರು ದಿನ ನೆಲ ಹಿಡಿಯುವವಳೂ ನಾನೇ. ರೊಟ್ಟಿ ಒಯ್ಯಲು ಬಂದವರು ನಿಂತಲ್ಲೇ ಒಂದನ್ನು ಮುರಿದು, ಖಾರದ ಹಿಂಡಿ ಹಚ್ಚಿ ಬಾಯಿಗೆ ಹಾಕಿಕೊಂಡು, "ಸುವರ್ಣಾಬಾಯಿ, ನಿಮ್ಮ ಕೈಯಾಗ ಏನ್ ರುಚಿ ಅದರೀ!" ಅನ್ನುವರು. ನಾನು ನಗುತ್ತಿದ್ದೆ. ಒಳಗೊಳಗೆ, ನಿನ್ನ ಬಾಯಾಗ ಮಣ್ಣ ಹಾಕ ಅನ್ನುತ್ತಿದ್ದೆ.

ಹೀಗೆ ಒಂಬತ್ತು ವರ್ಷ ಕಳೆದವು. ನೋವು ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿನ ತನಕ ತೂರುತ್ತಿತ್ತು. ಮಲಗಲು ಆಗದು, ನಿಲ್ಲಲು ಆಗದು. ಸುತ್ತಿಟ್ಟ ಹಾಸಿಗೆಯನ್ನು ಹೊಟ್ಟೆಗೆ ಅವಚಿಕೊಂಡು ಮುಂದಕ್ಕೆ ಬಾಗಿ ಕೂತರೆ ಮಾತ್ರ ಒಂದಿಷ್ಟು ಉಸಿರು ಬರುತ್ತಿತ್ತು. ಒಬ್ಬರು ಗ್ಯಾಸು ಅಂದರು, ಒಬ್ಬರು ಪಿತ್ತ ಅಂದರು. ಒಬ್ಬ ಡಾಕ್ಟರು, "ಕುಡಿಯೋ ಅಭ್ಯಾಸ ಇದೆಯೇನಮ್ಮಾ?" ಎಂದು ನೆಟ್ಟಗೆ ಕೇಳಿದರು. ನನ್ನ ಗಂಡ ಶಿವರಾಜನಿಗೆ ಗಿರಣಿಯ ಸದ್ದಿನಲ್ಲಿ ಕಿವಿ ಮಂದವಾಗಿ ಹೋಗಿದೆ, ಅದಕ್ಕೇ ಮಾತೆಲ್ಲ ಜೋರು. "ಚಹಾ ಬಿಟ್ರ ಏನೂ ಕುಡಿಯಂಗಿಲ್ರೀ ಈಕಿ!" ಎಂದು ಒದರಿದ. ನಾವು ಹೊರಗೆ ಬಂದಾಗ ಬಾಕಿನ ಮೇಲೆ ಕೂತವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

ಅತ್ತೆ ಗುರಮ್ಮನ ತವರು ಮೋರಖಂಡಿ. ಹೊಲ, ಕಾಯಿಪಲ್ಲೆ ಮಡಿಗಳ ನಡುವೆ ಬೆಳೆದವಳು. ಅವಳ ಕೈಯಲ್ಲಿ ನಾನು ಕುಡಿಯದ ಕಷಾಯವಿಲ್ಲ. ಓಂಕಾಳು, ಇಂಗು, ಬೇವಿನ ಚಕ್ಕೆ, ಎಲ್ಲ ಆಯಿತು. ನಾರಾಯಣಪುರದ ಶಿವನ ಗುಡಿಗೆ ಐದು ಸೋಮವಾರ ನಡೆಸಿಕೊಂಡು ಹೋದಳು. ಐದನೆಯ ಸೋಮವಾರ ಗುಡಿಯ ಕಟ್ಟೆಯ ಮೇಲೇ ನಾನು ಮುದುಡಿ ಬಿದ್ದಾಗ ಅವಳು ದೇವರಿಗೇ ಬೈದಳು. "ಇಷ್ಟ ದೂರ ನಡೆಸಿ ಇದೇನ ಮಾಡಿದ್ಯೋ ನಮ್ಮಪ್ಪಾ!" ಅಂದಳು. ಆಮೇಲೆ ತಾನೇ ಮಗನಿಗೆ, ಈಕಿನ್ನ ಹೈದರಾಬಾದಕ್ಕ ಕರಕೊಂಡು ಹೋಗು ಎಂದು ಹಟ ಹಿಡಿದಳು.

ಹೈದರಾಬಾದಿನ ಡಾಕ್ಟರರು ಕಲಬುರಗಿ ಕಡೆಯವರು, ಕನ್ನಡ ಬರುತ್ತಿತ್ತು. ಆ ಊರಿನಲ್ಲಿ ನನಗೆ ಸಿಕ್ಕ ಮೊದಲನೆಯ ಕರುಣೆ ಅದು. ಮೇದೋಜೀರಕ ಗ್ರಂಥಿಯ ತುಂಬ ಕಲ್ಲು ಅಂದರು. ಎರಡು ಸಲ ಬಾಯಿಯಿಂದ ನಳಿಕೆ ಇಳಿಸಿ ನೋಡಿದರು. ಎರಡು ಸಲವೂ ನೋವು ಒಂದಿಷ್ಟು ದಿನ ಸುಮ್ಮನಿದ್ದು ಮತ್ತೆ ಬಂತು. ಕೊನೆಗೆ ನನ್ನನ್ನು, ಗಂಡನನ್ನು, ಜೊತೆಗೆ ಬಂದಿದ್ದ ಅತ್ತೆಯನ್ನು ಕೂರಿಸಿಕೊಂಡು ಹೇಳಿದರು: "ಗ್ರಂಥೀನ ಪೂರ್ತಿ ತೆಗೆದು ಬಿಡೋಣ. ಅದರೊಳಗೆ ಸಕ್ಕರೆ ನೋಡಿಕೊಳ್ಳೋ ಸಣ್ಣ ಕಣಗಳಿರ್ತಾವೆ. ಅವನ್ನ ಬೇರೆ ಮಾಡಿ, ಅದೇ ದಿನ ನಿಮ್ಮ ಲಿವರಿಗೆ ಬಿಡ್ತೀವಿ. ಅಲ್ಲಿ ಬದುಕಿ ಕೆಲಸ ಶುರು ಮಾಡಿದ್ರೆ ಒಳ್ಳೇದು. ಮಾಡದಿದ್ರೆ ಜೀವನಪೂರ್ತಿ ಇನ್ಸುಲಿನ್."

ನನ್ನ ಗಂಡನಿಗೆ ಅರ್ಧ ಕೇಳಿಸಿತು, ನನಗೆ ಅರ್ಧ ತಿಳಿಯಿತು. ಅತ್ತೆ ಮಾತ್ರ ತನಗೆ ಗೊತ್ತಿದ್ದ ಸಸಿಯ ಲೆಕ್ಕ ಹಾಕಿ, "ಅಂದ್ರ ಬದನಿ ಅಗಿ ಕಿತ್ತಿ ಬ್ಯಾರೆ ಮಡಿಗಿ ನಟ್ಟಂಗ ಏನ್ರೀ?" ಅಂದಳು.

ಡಾಕ್ಟರರಿಗೆ ಖುಷಿಯಾಯಿತು. "ಹಂಗೇ ನೋಡ್ರಿ ಅಮ್ಮಾ. ನಟ್ಟ ಮ್ಯಾಲ ಅಗಿಗೆ ನೆರಳು ಬೇಕಲ್ಲ? ಬೇರು ಬಿಡೋ ತನಕ ಸೂಜೀನೇ ಅವಕ್ಕ ನೆರಳು. ನಾನು ಹೇಳೋ ತನಕ ನೆರಳು ತೆಗೀಬ್ಯಾಡ್ರಿ."

ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ಜುಬೇದಾ ಸಿಕ್ಕಿದ್ದು ಆ ದಿನವೇ. ಕಾಯುವ ಹಾಲಿನಲ್ಲಿ ತೆಲುಗು, ಹಿಂದಿ ಗದ್ದಲದ ನಡುವೆ ಯಾರೋ, "ಏನ್ ಕುರ್ಚಿರೀ ಇವು, ಕುಂಡಿ ಸುಟ್ಟು ಹೋತು" ಅಂದಂತಾಯಿತು. ತಿರುಗಿದರೆ ನನ್ನಷ್ಟೇ ವಯಸ್ಸಿನ, ನನ್ನ ಹಾಗೇ ಮುಂದಕ್ಕೆ ಬಾಗಿ ಕೂತ ಹೆಂಗಸು. ಹುಮನಾಬಾದಿನವಳು. ಗಂಡ ಹೆದ್ದಾರಿಯ ಪಕ್ಕ ಲಾರಿ ಸೀಟು ರಿಪೇರಿ ಮಾಡುತ್ತಾನೆ, ಸೀಟಿನ ಕವರು ಹೊಲಿಯುವವಳು ಇವಳು. ಅದೇ ರೋಗ, ಅದೇ ಡಾಕ್ಟರು, ಅದೇ ಆಪರೇಶನ್ನು. ನಮ್ಮ ಭಾಗದವಳು ಸಿಕ್ಕಳು ಎಂದು ನನಗೆ ಅಳುವೇ ಬಂತು. "ಎಷ್ಟ ವರ್ಷದಿಂದ ನಿಮಗ?" ಎಂದು ಕೇಳಿದೆ.

"ಎರಡ್ನೇ ವರ್ಷ ನಡದದ ಬಹೆನ್. ಇವರೇ ಕೇಳಲಿಲ್ಲ. ಒಂದೇ ಸಲ ಒದರಿದ್ದಕ್ಕ ಗಾಡಿ ಮಾಡಿ ಇಲ್ಲಿಗಿ ತಂದುಬಿಟ್ರು" ಎಂದು ಗಂಡನ ಕಡೆ ನೋಡಿದಳು. ಅವನು ಮೋಸಂಬಿ ಸುಲಿದು, ಬೀಜ ತೆಗೆದು, ಒಂದೊಂದೇ ತೊಳೆ ಅವಳ ಕೈಗೆ ಇಡುತ್ತಿದ್ದ. ನನ್ನ ಗಂಡ ಆ ಕಡೆ ಗೋಡೆಗೆ ಒರಗಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದ. ಬಂದ ಅಳು ಹಾಗೇ ಹಿಂದೆ ಹೋಯಿತು. ಎರಡೇ ವರ್ಷ! ನನ್ನ ಒಂಬತ್ತು ವರ್ಷ ಯಾರಿಗೆ ಕೊಡಲಿ?

ಆಪರೇಶನ್ನಿಗೆ ಹಣ ಹೇಗೆ ಕೂಡಿತು ಅನ್ನುವುದು ನನ್ನ ಗಂಡನ ಕಥೆ, ಅವನೇ ಹೇಳಿಕೊಳ್ಳಲಿ. ಮುಂಗಾರು ಬಿತ್ತನೆಯ ಹೊತ್ತಿಗೆ ಒಂದೇ ವಾರದಲ್ಲಿ ಇಬ್ಬರಿಗೂ ಆಯಿತು, ಅವಳಿಗೆ ಮಂಗಳವಾರ, ನನಗೆ ಗುರುವಾರ. ಒಳಗೆ ಒಯ್ಯುವಾಗ ಶಿವರಾಜ ಸ್ಟ್ರೆಚರಿನ ಜೊತೆ ಓಡುತ್ತ, "ಹೆದರಬ್ಯಾಡ!" ಎಂದು ಒದರಿದ್ದು ಇಡೀ ಮಹಡಿಗೆ ಕೇಳಿಸಿತು. ಹೆದರಿದ್ದವನು ಅವನು. ನನಗೆ ಹೆದರಲು ಶಕ್ತಿಯೇ ಇರಲಿಲ್ಲ.

ಎಚ್ಚರವಾದಾಗ ಮೈತುಂಬ ನಳಿಕೆ. ಆದರೆ ಆ ನೋವು, ನನ್ನ ಒಂಬತ್ತು ವರ್ಷದ ನೋವು, ಇರಲಿಲ್ಲ. ಹೊಲಿಗೆಯ ನೋವು ಬೇರೆ, ಅದು ಹೊಸ ಚಪ್ಪಲಿ ಕಚ್ಚಿದ ಹಾಗೆ, ಇವತ್ತಲ್ಲ ನಾಳೆ ಹೋಗುವಂಥದ್ದು. ನೀರು ಕೊಡುವಂತಿರಲಿಲ್ಲ. ಕೇರಳದ ಒಬ್ಬ ನರ್ಸು ಹತ್ತಿಯನ್ನು ತಣ್ಣೀರಿನಲ್ಲಿ ಅದ್ದಿ ತುಟಿಗೆ ಒತ್ತಿದಳು. ಆ ಹತ್ತಿಯ ರುಚಿ ಇನ್ನೂ ನನ್ನ ನಾಲಿಗೆಯ ಮೇಲಿದೆ. ಕೆಮ್ಮು ಬಂದರೆ ಹೊಟ್ಟೆ ಹರಿದು ಹೋಗುವಂತಾಗುತ್ತಿತ್ತು. ಅದಕ್ಕೆ ದಿಂಬನ್ನು ಎರಡೂ ಕೈಯಿಂದ ಹೊಟ್ಟೆಗೆ ಅವಚಿಕೊಂಡು ಕೆಮ್ಮಬೇಕು ಎಂದು ಕಲಿಸಿಕೊಟ್ಟವಳೂ ಅವಳೇ.

ಪಕ್ಕದ ಮಂಚ ಜುಬೇದಾಳದು. ಹೊಟ್ಟೆಕಿಚ್ಚು ಪಡುವವಳಿಗೆ ಆಸ್ಪತ್ರೆಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಅವಳ ನಳಿಕೆ ಮೊದಲು ತೆಗೆದರು. ಅವಳು ಮೊದಲು ಎದ್ದು ನಡೆದಳು. ಅವಳಿಗೆ ಗಂಜಿ ಬಂದ ದಿನ ನನಗೆ ಬರೀ ನೀರು. ಅವಳು ಎರಡು ದಿನ ಮುಂದಿದ್ದಾಳೆ ಅನ್ನುವ ಲೆಕ್ಕ ನನ್ನ ತಲೆಗೆ ಹೊಳೆಯಲೇ ಇಲ್ಲ. ಒಂದು ಬೆಳಿಗ್ಗೆ ಡಾಕ್ಟರರು, "ಜುಬೇದಾಗೆ ಕಣಗಳು ಚೆನ್ನಾಗಿ ಸಿಕ್ಕವು. ಸುವರ್ಣಾ, ನಿಮ್ಮಲ್ಲಿ ಸ್ವಲ್ಪ ಕಡಿಮೆ. ತಡ ಆಗಿತ್ತಲ್ಲ" ಅಂದರು. ಜುಬೇದಾ ನನ್ನ ಕಡೆ ಕೈ ಚಾಚಿದಳು. ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿದೆ.

ಮನೆಗೆ ಬಂದೆವು. ಊಟದ ಜೊತೆ ಪ್ರತಿಸಲ ಜೀರ್ಣದ ಮಾತ್ರೆ, ದಿನಕ್ಕೆ ನಾಲ್ಕು ಸೂಜಿ, ಬೆರಳು ಚುಚ್ಚಿ ಸಕ್ಕರೆ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಶಿವರಾಜ ದಿನಾ ಸಂಜೆ ಆ ಬುಕ್ಕು ತೆಗೆದು ಪಂಚಾಂಗ ಓದಿದ ಹಾಗೆ ಜೋರಾಗಿ ಓದುತ್ತಿದ್ದ. ಗಿರಣಿಗೆ ಬಂದವರಿಗೂ ನನ್ನ ಸಕ್ಕರೆ ಬಾಯಿಪಾಠವಾಗಿತ್ತು. ಮೂರನೆಯ ತಿಂಗಳು ನಾನು ಅರ್ಧ ರೊಟ್ಟಿ ತಿಂದೆ. ನೋವು ಬರಲಿಲ್ಲ. ಸಂಜೆಯ ತನಕ ಕಾದೆ, ಬರಲಿಲ್ಲ. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನೊಂದು ಅರ್ಧ ಹಾಕಲೇನ?" ಅಂದಳು. ಅಷ್ಟಕ್ಕೇ ನಾನು ತೃಪ್ತಳಾಗಬೇಕಿತ್ತು.

ತಪಾಸಣೆಗೆ ಹೋಗುವಾಗ ನಾನು ಬಸವಕಲ್ಯಾಣದಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ಚೀಲ ಇಡುತ್ತಿದ್ದೆ, ಹುಮನಾಬಾದಿನಲ್ಲಿ ಜುಬೇದಾ ಹತ್ತುತ್ತಿದ್ದಳು. ದಾರಿಯುದ್ದಕ್ಕೂ ಬರೀ ಹೊಟ್ಟೆಯ ಮಾತು. ಖರೇ ಹೇಳುತ್ತೇನೆ, ಅವಳಷ್ಟು ನನ್ನನ್ನು ನಗಿಸಿದವರು ಯಾರೂ ಇಲ್ಲ. ಮೂರನೆಯ ತಿಂಗಳು ಅವಳ ಸೂಜಿ ನಾಲ್ಕರಿಂದ ಎರಡಕ್ಕೆ ಇಳಿಯಿತು. ಐದನೆಯ ತಿಂಗಳು ಹುಮನಾಬಾದಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ಡಬ್ಬಿ ತೆಗೆದಳು, ಮಾತ್ರೆ ನುಂಗಿದಳು, ರೊಟ್ಟಿ ಮುರಿದಳು.

"ಸೂಜಿ?" ಅಂದೆ.

"ಬಂದ್!" ಅಂದಳು. "ಇವತ್ತಿಂದ ಪೂರಾ ಬಂದ್ ಅಂದ್ರು ಡಾಕ್ಟರ್. ನನ್ನ ಅಗಿ ಬೇರ ಬಿಟ್ಟಾವಂತ. ನಿಂಗೇ ಮೊದಲ ಹೇಳಾಕತ್ತೀನಿ, ಇವರಿಗಿನ್ನೂ ಹೇಳಿಲ್ಲ."

"ಭಾಳ ಚಲೋ ಆತು" ಅಂದೆ. ನನಗೆ ಅದೇ ದಿನ ಡಾಕ್ಟರರು, ಇನ್ನೂ ಕಾಯಬೇಕು, ಒಂದು ಸೂಜಿಯನ್ನೂ ಬಿಡಬೇಡಿ ಅಂದಿದ್ದರು. ಅವಳು ಇಳಿದು ಹೋದ ಮೇಲೆ ಖಾಲಿ ಸೀಟಿನ ಮೇಲೆ ಚೀಲವನ್ನು ಎತ್ತಿ ಕುಕ್ಕಿದೆ. ಎದುರಿನ ಅಜ್ಜ ಬೆಚ್ಚಿಬಿದ್ದು ತಿರುಗಿ ನೋಡಿದ.

ಆ ವಾರವೇ ಮಧ್ಯಾಹ್ನದ ಸೂಜಿ ಬಿಟ್ಟೆ. ಏನೂ ಆಗಲಿಲ್ಲ. ನೋಡು, ನನ್ನವೂ ಎದ್ದಿವೆ ಅಂದುಕೊಂಡೆ. ರಾತ್ರಿಯದು ಬಿಟ್ಟೆ. ಬೆರಳು ಚುಚ್ಚಿದರೆ ಬರುವ ಅಂಕೆಯನ್ನು ಬರೆಯದೆ, ಬರಬೇಕಾದ ಅಂಕೆಯನ್ನು ಬರೆದೆ. ಶಿವರಾಜ ಓದಿ ಓದಿ ಉಬ್ಬಿದ. "ನಮ್ಮಾಕಿ ಶುಗರ್ ನಿಮ್ಮಕಿಂತ ಚಲೋ ಅದ ನೋಡ್ರಿ!" ಎಂದು ಗಿರಣಿಯಲ್ಲಿ ಡಂಗುರ ಹೊಡೆದ. ಬಾಯಿ ಒಣಗುತ್ತಿತ್ತು, ಹತ್ತು ಸಲ ಎದ್ದು ಹೋಗಬೇಕಾಗುತ್ತಿತ್ತು. ರೊಟ್ಟಿ ಬಡಿಯುವ ಬೆಂಕಿಯ ಝಳ ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಹದಿನೆಂಟು ದಿನ ಹೀಗೇ ನಡೆಸಿದೆ. ನನಗೆ ಬೇಕಾಗಿದ್ದು ಒಂದೇ: ಮುಂದಿನ ಸಲ ಬಸ್ಸಿನಲ್ಲಿ ಅವಳ ಪಕ್ಕ ಕೂತು, ನಾನೂ ಸೂಜಿ ಇಲ್ಲದೆ ಡಬ್ಬಿ ತೆರೆಯಬೇಕು.

ಅಷ್ಟರಲ್ಲಿ ಎಳ್ಳಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಅಡಿಗೆ ಹೊತ್ತುಕೊಂಡು ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯವಾಗಿ ಚರಗ ಚೆಲ್ಲಿ, ಕರೆದವರು ಕರೆಯದವರು ಎಲ್ಲ ಸಾಲಾಗಿ ಕೂತು ಉಣ್ಣಬೇಕು. ಮೋರಖಂಡಿಯಲ್ಲಿ ಅತ್ತೆಯ ತಮ್ಮನ ಹೊಲಕ್ಕೆ ಹೋದೆವು. ಜುಬೇದಾಳನ್ನೂ ಅವಳ ಗಂಡನನ್ನೂ ನಾನೇ ಕರೆದಿದ್ದೆ. ನನ್ನನ್ನು ನೋಡಲಿ ಅಂತ. ಭಜ್ಜಿ, ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ, ಯಾವುದನ್ನೂ ಬಿಡಲಿಲ್ಲ. ಚೀಲ ತೆರೆಯಲಿಲ್ಲ, ಸೂಜಿ ಮುಟ್ಟಲಿಲ್ಲ.

ಜುಬೇದಾ ನನ್ನ ತಾಟು ನೋಡಿ ಕಣ್ಣರಳಿಸಿದಳು. "ಮಾಶಾಅಲ್ಲಾ! ಎಷ್ಟ್ ಚಂದ ಉಣ್ಣಾಕತ್ತೀ. ನಿಂದೂ ಸೂಜಿ ಬಂದ್ ಆತೇನ?"

"ಆಗ್ತಾ ಬಂತು" ಅಂದೆ, ಎರಡನೆಯ ಹೋಳಿಗೆ ಮುರಿಯುತ್ತ. ಪಕ್ಕದಲ್ಲಿ ಬಡಿಸುತ್ತಿದ್ದ ಅತ್ತೆ ಅವಳ ಮಾತು ಕೇಳಿಸಿಕೊಂಡಳು.

ಹೊತ್ತು ಇಳಿಯುವ ಮೊದಲೇ ಜೋಳದ ಸಾಲಿನಲ್ಲಿ ವಾಂತಿ ಮಾಡಿಕೊಂಡು ಬಿದ್ದೆ. ಜುಬೇದಾಳ ಗಂಡ ತಂದ ಗಾಡಿಯಲ್ಲೇ ಹುಮನಾಬಾದಿಗೆ ಒಯ್ದು ಸಲೈನ್ ಹಚ್ಚಿಸಿದರು, ಅಲ್ಲಿಂದ ಹೈದರಾಬಾದಿಗೆ. ಹಿಂದಿನ ಸೀಟಿನಲ್ಲಿ ನನ್ನ ತಲೆ ಜುಬೇದಾಳ ತೊಡೆಯ ಮೇಲಿತ್ತಂತೆ. ನನಗೆ ಗೊತ್ತಿಲ್ಲ.

ಮೂರನೆಯ ದಿನ ಡಾಕ್ಟರರು ನನ್ನ ನೋಟ್‌ಬುಕ್ಕನ್ನು ತಿರುವಿ ತಿರುವಿ ನೋಡಿದರು. "ಇಷ್ಟು ಚೆನ್ನಾಗಿದ್ದ ಸಕ್ಕರೆ ಒಂದೇ ದಿನಕ್ಕೆ ಹೀಗಾಗಲ್ಲ. ಸೂಜಿ ಬಿಟ್ಟಿದ್ರಾ ಸುವರ್ಣಾ?" ಗಂಡ ಪಕ್ಕದಲ್ಲೇ ನಿಂತಿದ್ದ. ಇಲ್ಲರೀ ಅಂದೆ. "ಬಿಟ್ಟಿದ್ರೆ ಹೇಳಿ. ನಟ್ಟ ಅಗಿಗಳಲ್ಲಿ ಎಷ್ಟು ಒಣಗಿದಾವೋ ನನಗೂ ಗೊತ್ತಿಲ್ಲ. ಇರೋದನ್ನಾದರೂ ಉಳಿಸಿಕೊಳ್ಳಬೇಕು, ಖರೇ ಏನಂತ ಗೊತ್ತಿಲ್ಲದೆ ನಾ ಎಷ್ಟು ಔಷಧ ಕೊಡಲಿ?" ನಾನು ಮತ್ತೂ ಇಲ್ಲರೀ ಅಂದೆ. ಜೀವಕ್ಕಿಂತ ಮುಖ ದೊಡ್ಡದಾಗಿತ್ತು ನನಗೆ.

ನಾನು ಬಾಯಿ ಬಿಡದಿದ್ದಾಗ ಅತ್ತೆ ತಾನೇ ಕಾರಣ ಹುಡುಕಿದಳು. "ದಿಟ್ಟಿ ತಾಗ್ಯಾದ. ಆ ಹುಮನಾಬಾದದಾಕಿ ತಾಟ ನೋಡಿ ಅಂದ್ಲಲ್ಲ, ಎಷ್ಟ್ ಚಂದ ಉಣ್ಣಾಕತ್ತೀ ಅಂತ. ಆಕಿ ಕಣ್ಣೇ." ಊರಿಗೆ ಬಂದ ಮೇಲೂ ಅದೇ ಹಾಡು. ನಾನು ಅಲ್ಲ ಅನ್ನಲಿಲ್ಲ. ಅಲ್ಲ ಅಂದರೆ ಮತ್ತೇನು ಅಂತ ಹೇಳಬೇಕಲ್ಲ? ಇನ್ನೂ ನಾಚಿಕೆಗೇಡಿನ ಮಾತೆಂದರೆ, ಅವಳ ಹೆಸರು ಕೆಡುತ್ತಿರುವುದು ನನ್ನ ಜೀವಕ್ಕೆ ಒಂದು ನಮೂನೆ ತಂಪು ಕೊಡುತ್ತಿತ್ತು.

ನಮ್ಮಲ್ಲಿ ದಿಟ್ಟಿ ತೆಗೆಯಲು ಉಪ್ಪು, ಒಣಮೆಣಸಿನಕಾಯಿ ಸಾಲದು. ಯಾರ ಕಣ್ಣು ಎಂಬ ಅನುಮಾನವಿದೆಯೋ ಅವರ ಕಾಲ ಕೆಳಗಿನ ಮಣ್ಣು ಬೇಕು. ಮೂರನ್ನೂ ಕೂಡಿಸಿ ನಿವಾಳಿಸಿ ಒಲೆಗೆ ಹಾಕಿದಾಗ ಘಾಟು ಬರದಿದ್ದರೆ ದಿಟ್ಟಿ ಇತ್ತು ಅಂತ, ಘಾಟು ಬಂದರೆ ಇರಲಿಲ್ಲ ಅಂತ. ಅತ್ತೆ ಜುಬೇದಾ ಬರುವ ದಾರಿಯನ್ನೇ ಕಾಯುತ್ತಿದ್ದಳು.

ಒಂದು ಮಧ್ಯಾಹ್ನ ಜುಬೇದಾ ಬಂದಳು. ನನ್ನ ಹೊಟ್ಟೆಗೆ ಆನಿಸಿಕೊಳ್ಳಲೆಂದು ಲಾರಿ ಸೀಟಿನ ರೆಕ್ಸಿನ್ನಿನಲ್ಲಿ ತಾನೇ ಹೊಲಿದ ಮೆತ್ತನೆಯ ದಿಂಬು ತಂದಿದ್ದಳು. ಹೊಸ್ತಿಲಾಚೆ ಚಪ್ಪಲಿ ಬಿಟ್ಟು ಅಂಗಳದ ಮಣ್ಣಿನ ಮೇಲೆ ಎರಡು ಹೆಜ್ಜೆ ಇಟ್ಟು ಒಳಗೆ ಬಂದು ಕೂತಳು. ಅವಳ ಹಿಂದೆಯೇ ಅತ್ತೆ ಬಗ್ಗಿ, ಆ ಹೆಜ್ಜೆಯ ಮಣ್ಣನ್ನು ಮೂರು ಬೆರಳಲ್ಲಿ ಎತ್ತಿ ಸೆರಗಿಗೆ ಹಾಕಿಕೊಂಡಳು. ಜುಬೇದಾ ಅದೇ ಹೊತ್ತಿಗೆ ತಿರುಗಿ ನೋಡಿಬಿಟ್ಟಳು.

ಅವಳಿಗೆ ತಿಳಿಯದ ಪದ್ಧತಿಯೇನಲ್ಲ, ಹುಮನಾಬಾದಿನ ಅವಳ ಓಣಿಯಲ್ಲೂ ನಜರು ತೆಗೆಯುವುದು ಹೀಗೇ. ಎದ್ದು ಹೋಗುತ್ತಾಳೆ ಅಂದುಕೊಂಡೆ. ಎದ್ದಳು, ಹೋಗಲಿಲ್ಲ. ಅತ್ತೆಯ ಹತ್ತಿರ ಹೋಗಿ ಗೋಡೆ ಹಿಡಿದು ಒಂದು ಕಾಲು ಎತ್ತಿದಳು.

"ಅಷ್ಟ ಮಣ್ಣ ಸಾಲಂಗಿಲ್ಲ ಅಮ್ಮಾ. ಅಂಗಾಲಿಂದೇ ತಗೋರಿ. ಎರಡೂ ಕಾಲಿಂದ ತಗೋರಿ. ಈಕಿ ಆರಾಮ ಆದ್ರ ಸಾಕು. ನನ್ನ ಕಣ್ಣು ತಾಗಿದ್ರೂ ತಾಗಿರಬಹುದು, ಯಾರಿಗಿ ಗೊತ್ತು."

ಅತ್ತೆ ಸೆರಗು ಹಿಡಿದುಕೊಂಡು ನಿಂತೇಬಿಟ್ಟಳು. ನನಗೆ ಇನ್ನು ತಡೆಯಲು ಆಗಲಿಲ್ಲ.

"ಆಕಿ ಕಣ್ಣಲ್ಲ!" ಎಂದು ಒದರಿದೆ. ಗಿರಣಿ ಬಂದ್ ಮಾಡಿ ಶಿವರಾಜ ಓಡಿ ಬಂದ. "ಸೂಜಿ ನಾನೇ ಬಿಟ್ಟಿದ್ದೆ. ಹದಿನೆಂಟ ದಿನ. ಆಕಿದು ಬಂದ್ ಆತಲ್ಲ, ನಂಗ ತಡಕೊಳ್ಳಾಕ ಆಗ್ಲಿಲ್ಲ. ಹೊಟ್ಟಿಕಿಚ್ಚು. ಮಣ್ಣ ಬೇಕಂದ್ರ ನನ್ನ ಕಾಲಿಂದ ತಗೋರಿ."

"ಮತ್ತ ಬುಕ್ಕದಾಗ ಬರದಿದ್ದು?" ಅಂದ ಶಿವರಾಜ. ಅವನು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದು.

"ಸುಳ್ಳು."

ಅವನು ತಿರುಗಿ ಹೊರಟ. ಗಿರಣಿಗೆ ಹೋಗಿ, ಕಾಳು ಹಾಕದೆ ಬರೀ ಗಿರಣಿಯನ್ನು ಚಾಲೂ ಮಾಡಿದ. ಅದು ಬಹಳ ಹೊತ್ತು ಹಾಗೇ ಕಿರುಚುತ್ತಿತ್ತು.

ಅತ್ತೆ ಜುಬೇದಾಳ ಮಣ್ಣನ್ನು ಅಂಗಳಕ್ಕೆ ಜಾಡಿಸಿದಳು. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, "ಎತ್ತು ಕಾಲ" ಅಂದಳು. ತಮಾಷೆಗಲ್ಲ. ನನ್ನ ಅಂಗಾಲನ್ನು ಉಗುರಿನಿಂದ ಕೆರೆದು ಮಣ್ಣು ತೆಗೆದಳು, ಉಪ್ಪು ಮೆಣಸಿನಕಾಯಿ ಕೂಡಿಸಿ ನನಗೇ ನಿವಾಳಿಸಿದಳು, ಒಲೆಗೆ ಹಾಕಿದಳು. ಘಾಟು ಬಂತು. ಎಂಥ ಘಾಟು! ಕೋಣೆಯೆಲ್ಲ ತುಂಬಿ ಮೂಗು, ಗಂಟಲು, ಕಣ್ಣು ಎಲ್ಲ ಉರಿಯಿತು. ಜುಬೇದಾ ಎರಡೂ ಕೈಯಿಂದ ಹೊಟ್ಟೆ ಅವಚಿಕೊಂಡು ಕೆಮ್ಮತೊಡಗಿದಳು, ನಾನು ಅವಳ ರೆಕ್ಸಿನ್ ದಿಂಬನ್ನು ಅವಚಿಕೊಂಡು ಕೆಮ್ಮಿದೆ. ಇಬ್ಬರೂ ಎದುರುಬದುರು ಬಾಗಿ ಕೂತು ಕೆಮ್ಮುತ್ತ, ಅಳುತ್ತ, ಯಾವಾಗ ನಗು ಶುರುವಾಯಿತೋ ತಿಳಿಯಲಿಲ್ಲ. "ದಿಟ್ಟಿಯಲ್ಲ ಬಿಡು, ಬರೀ ಹುಚ್ಚು" ಎಂದು ಅತ್ತೆ ಸೆರಗಿನಿಂದ ಹೊಗೆ ಬೀಸಿದಳು.

ಮರುವಾರ ಡಾಕ್ಟರರಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಪೆನ್ನು ಕೆಳಗಿಟ್ಟರು. ಆಮೇಲೆ ರಕ್ತ ಪರೀಕ್ಷೆ ಮಾಡಿಸಿ, ಕಣಗಳಲ್ಲಿ ಕೆಲವು ಉಳಿದಿವೆ, ಆದರೆ ಸೂಜಿ ಪೂರ್ತಿ ನಿಲ್ಲುತ್ತದೆ ಎಂದು ಇನ್ನು ಮೇಲೆ ಆಸೆ ತೋರಿಸಲಾರೆ ಅಂದರು. ಬಿಡದೆ ಇದ್ದಿದ್ದರೆ ನಿಲ್ಲುತ್ತಿತ್ತೇ ಎಂದು ಕೇಳಿದೆ. "ಗೊತ್ತಿಲ್ಲ" ಅಂದರು. ಆ ಗೊತ್ತಿಲ್ಲದ್ದನ್ನು ನಾನು ಹೊತ್ತುಕೊಂಡೇ ಇರಬೇಕು. ಶಿವರಾಜ ಈಗ ಬುಕ್ಕು ಓದುವುದಿಲ್ಲ. ನಾನು ಬೆರಳು ಚುಚ್ಚುವಾಗ ಪಕ್ಕಕ್ಕೆ ಬಂದು ನಿಂತು ಅಂಕೆಯನ್ನು ತಾನೇ ನೋಡುತ್ತಾನೆ. ನನಗೆ ಅಷ್ಟು ಶಿಕ್ಷೆ ಸರಿಯೇ.

ನಿಮ್ಮಲ್ಲಿ ಯಾರಿಗಾದರೂ ಈ ರೋಗವಿದ್ದು, ಪಕ್ಕದ ಮಂಚದವರು ನಿಮಗಿಂತ ಮೊದಲು ಎದ್ದು ನಡೆದು ಹೋಗಿದ್ದರೆ, ನಿಮ್ಮ ಒಳಗೆ ಏನಾಗುತ್ತದೆ ಅಂತ ನನಗೆ ಗೊತ್ತಿದೆ. ಅದು ಹೋಗುತ್ತದೆ ಎಂದು ನಾನು ಹೇಳಲಾರೆ. ದಿನಾ ಬೆಳಿಗ್ಗೆ ಎಂಟಕ್ಕೆ ಜುಬೇದಾ ಫೋನು ಮಾಡುತ್ತಾಳೆ. ನಾನು ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ, ಹೊಟ್ಟೆಯ ಚರ್ಮ ಹಿಡಿದು, ಸೂಜಿ ಎತ್ತಿಕೊಳ್ಳುತ್ತೇನೆ. ಆ ಕಡೆಯಿಂದ ಅವಳು ಏನೋ ಕಟಕಟ ಅಗಿಯುವುದು ಕೇಳಿಸುತ್ತದೆ. ಸೂಜಿಯಿಲ್ಲದೆ, ಹಾಯಾಗಿ. ನನಗೆ ಇವತ್ತಿಗೂ ಉರಿದುಹೋಗುತ್ತದೆ.

"ಏನ್ ತಿನ್ನಾಕತ್ತೀ?" ಅನ್ನುತ್ತೇನೆ.

"ನೀ ಮೊದಲ ಚುಚ್ಚಕೋ, ಆಮ್ಯಾಲ ಹೇಳ್ತೀನಿ" ಅನ್ನುತ್ತಾಳೆ.

ಚುಚ್ಚಿಕೊಳ್ಳುತ್ತೇನೆ.